ಆದ್ಯತಾ ನಿರ್ಣಯ: ಕಾಲ ಮತ್ತು ಶಕ್ತಿಯ ನಿರ್ವಹಣೆ

ಮಾಡಬೇಕಾದ ಕೆಲಸಗಳಿಗೆಲ್ಲ ಸಾಕಾಗುವಷ್ಟು ಹೊತ್ತಾಗಲಿ ತ್ರಾಣವಾಗಲಿ ಇಲ್ಲದಿರುವಾಗ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂದು ಗೊತ್ತುಮಾಡಿಕೊಳ್ಳುವ ಕ್ರಮ. ರಾಜ್ಯಾಡಳಿತ, ಬೇಸಾಯ, ಕಾರ್ಖಾನೆ, ಆಸ್ಪತ್ರೆ, ಮನೆವಾರ್ತೆ ಎಲ್ಲ ಕಡೆಯೂ ಇದರ ಅಗತ್ಯ ಬೀಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದು ನಿರ್ವಹಣಾಶಾಸ್ತ್ರ, ಗಣಿತ, ಮನೋವಿಜ್ಞಾನ, ಅರ್ಥಶಾಸ್ತ್ರಗಳಲ್ಲಿ ಅಧ್ಯಯನದ ವಿಷಯವಾಯಿತು. ಸಮಯ ನಿರ್ವಹಣೆ ಎಂಬ ಹೆಸರಿನಲ್ಲಿ ಜನಪ್ರಿಯ ಪುಸ್ತಕಗಳ ಮತ್ತು ತರಬೇತಿ ಶಿಬಿರಗಳ ದೊಡ್ಡ ಮಾರುಕಟ್ಟೆಯೂ ಬೆಳೆಯಿತು.

ಮೂಲ ಕಲ್ಪನೆಗಳು

ಈ ವಿಷಯದ ಚರ್ಚೆಯೆಲ್ಲ ತುರ್ತು ಮತ್ತು ಮಹತ್ವ ಎಂಬ ಎರಡು ಗುಣಗಳ ಸುತ್ತ ನಡೆಯುತ್ತದೆ. ಗಡುವು ಹತ್ತಿರವಾದಷ್ಟೂ ಕೆಲಸ ತುರ್ತಿನದಾಗುತ್ತದೆ. ಅದರ ಫಲ ಎಷ್ಟು ದೂರ ತಲುಪುತ್ತದೆ ಎಂಬುದರ ಮೇಲೆ ಮಹತ್ವ ನಿಲ್ಲುತ್ತದೆ. ಫೋನು ಬಡಿದುಕೊಂಡಾಗ ಎತ್ತುವುದು ತುರ್ತು, ಬಹಳ ಸಲ ಅದರಿಂದ ಆಗುವುದೇನೂ ಇರುವುದಿಲ್ಲ. ಕೆರೆಯ ಹೂಳೆತ್ತುವುದು, ಬೆನ್ನುನೋವಿಗೆ ದಿನಾ ಒಂದಿಷ್ಟು ವ್ಯಾಯಾಮ ಮಾಡುವುದು ಮಹತ್ವದ ಕೆಲಸಗಳು. ಅವು ಇವತ್ತೇ ಆಗಬೇಕೆಂದು ಯಾರೂ ಬಾಗಿಲು ತಟ್ಟುವುದಿಲ್ಲ. ಎರಡೂ ಗುಣಗಳು ಒಟ್ಟಿಗೆ ಬರುವ ಸಂದರ್ಭಗಳೂ ಉಂಟು. ಕರ್ನಾಟಕದ ಮಳೆಯಾಶ್ರಿತ ಬೇಸಾಯದಲ್ಲಿ ರೈತರು ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರಗಳ ಲೆಕ್ಕದಲ್ಲಿ ಬಿತ್ತನೆಯ ಕಾಲವನ್ನು ಗುರುತಿಸುತ್ತಾರೆ. ಭೂಮಿಗೆ ಹದ ಬಂದಾಗ ಬಿತ್ತನೆಯೇ ಮೊದಲು, ಉಳಿದದ್ದೆಲ್ಲ ಆಮೇಲೆ; ಹದ ತಪ್ಪಿದರೆ ಆ ವರ್ಷದ ಬೆಳೆಯೇ ತಪ್ಪಬಹುದು.

ಕಾಲ ಮತ್ತು ಶಕ್ತಿ ಬೇರೆಬೇರೆ ಸ್ವಭಾವದವು. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಎಲ್ಲರಿಗೂ ಒಂದೇ. ಶಕ್ತಿಯಾದರೋ ವಯಸ್ಸು, ಆರೋಗ್ಯ, ನಿದ್ದೆ, ಊಟ, ಹೊತ್ತುಗಳಿಗೆ ತಕ್ಕಂತೆ ಏರಿಳಿಯುತ್ತದೆ. ಕಳೆದ ಗಂಟೆ ಮರಳುವುದಿಲ್ಲ, ಶಕ್ತಿ ವಿಶ್ರಾಂತಿಯಿಂದ ಮರಳುತ್ತದೆ. ಒಂದು ಕೆಲಸಕ್ಕೆ ಕೊಟ್ಟ ಹೊತ್ತು ಇನ್ನೊಂದಕ್ಕೆ ಸಿಗುವುದಿಲ್ಲವಾದ್ದರಿಂದ ಯಾವ ಆಯ್ಕೆಯಲ್ಲೂ ಒಂದು ತ್ಯಾಗ ಅಡಗಿರುತ್ತದೆ. 1965ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಮನೆಯವರ ಸಮಯವನ್ನೂ ಹಣದಂತೆಯೇ ಬೆಲೆಯುಳ್ಳ ಸಂಪನ್ಮೂಲವೆಂದು ಪರಿಗಣಿಸಿ ಅದರ ಹಂಚಿಕೆಯ ಸಿದ್ಧಾಂತವನ್ನು ಮಂಡಿಸಿದ.

ಪ್ರಾಚೀನ ಚಿಂತನೆ

ಭಾರತದಲ್ಲಿ ಈ ವಿಷಯದ ವಿವರವಾದ ನಿರೂಪಣೆ ಕೌಟಿಲ್ಯನ ಹೆಸರಿನಲ್ಲಿರುವ ಅರ್ಥಶಾಸ್ತ್ರದಲ್ಲಿದೆ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿ ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಮೊದಲ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯ ರಾಜನ ದಿನಚರಿಗೆ ಮೀಸಲಾಗಿದೆ. ಹಗಲನ್ನು ಎಂಟು, ಇರುಳನ್ನು ಎಂಟು ಭಾಗ ಮಾಡಿ ಒಂದೊಂದಕ್ಕೂ ಕೆಲಸ ನಿಗದಿ ಮಾಡಲಾಗಿದೆ. ಹಗಲಿನ ಮೊದಲ ಭಾಗ ರಕ್ಷಣೆ ಹಾಗೂ ಆಯವ್ಯಯಕ್ಕೆ, ಎರಡನೆಯದು ಪುರಜನ ಮತ್ತು ನಾಡಿಗರ ಅಹವಾಲಿಗೆ, ಮೂರನೆಯದು ಸ್ನಾನ, ಊಟ, ಓದಿಗೆ. ಆರನೆಯ ಭಾಗದಲ್ಲಿ ರಾಜ ಮನಬಂದಂತೆ ವಿಹರಿಸಬಹುದು ಅಥವಾ ಮಂತ್ರಾಲೋಚನೆ ಮಾಡಬಹುದು. ಇರುಳಿನ ಮೂರನೆಯ ಭಾಗದಲ್ಲಿ ಮಲಗಿ ನಾಲ್ಕು ಮತ್ತು ಐದನೆಯ ಭಾಗಗಳನ್ನು ನಿದ್ದೆಯಲ್ಲಿ ಕಳೆಯಬೇಕು. ಇರುಳಿನ ಒಂದು ಭಾಗ ಸುಮಾರು ಒಂದೂವರೆ ಗಂಟೆಯಷ್ಟಾದ್ದರಿಂದ ಈ ಲೆಕ್ಕದಲ್ಲಿ ನಿದ್ದೆಗೆ ದಕ್ಕುವುದು ಹೆಚ್ಚೆಂದರೆ ನಾಲ್ಕೂವರೆ ಗಂಟೆ.

ಇಷ್ಟು ಬಿಗಿಯಾದ ಪಟ್ಟಿಯನ್ನು ಕೊಟ್ಟ ಮೇಲೆ ಗ್ರಂಥಕಾರ ಅದನ್ನು ಸಡಿಲಿಸುತ್ತಾನೆ. ರಾಜ ತನ್ನ ಶಕ್ತಿಗೆ ಅನುಗುಣವಾಗಿ ಹಗಲಿರುಳುಗಳನ್ನು ಬೇರೆ ರೀತಿಯಲ್ಲಿ ಹಂಚಿಕೊಳ್ಳಬಹುದೆಂಬುದು ಅವನ ಅನುಮತಿ. ಕೆಲಸವಿದ್ದು ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು, ತುರ್ತಿನ ಕೆಲಸವನ್ನು ಕೂಡಲೇ ಕೇಳಬೇಕು, ಮುಂದೂಡಿದ ಕೆಲಸ ಕಷ್ಟಸಾಧ್ಯ ಅಥವಾ ಅಸಾಧ್ಯವಾಗುತ್ತದೆ ಎಂದೂ ಎಚ್ಚರಿಸುತ್ತಾನೆ. ಅಹವಾಲು ಕೇಳುವ ಸರದಿಯಲ್ಲಿ ದೇವಸ್ಥಾನ, ಆಶ್ರಮಗಳಿಂದ ಹಿಡಿದು ಬಾಲರು, ವೃದ್ಧರು, ರೋಗಿಗಳು, ಅನಾಥರು, ಸ್ತ್ರೀಯರವರೆಗೆ ಒಂದು ಕ್ರಮವನ್ನು ಹೇಳಿ, ಕಾರ್ಯದ ಗೌರವಕ್ಕೋ ತುರ್ತಿಗೋ ತಕ್ಕಂತೆ ಆ ಕ್ರಮವನ್ನು ಬದಲಿಸಬಹುದೆನ್ನುತ್ತಾನೆ. ತುರ್ತು, ಮಹತ್ವ, ಶಕ್ತಿ ಎಂಬ ಮೂರೂ ಅಳತೆಗೋಲುಗಳು ಹೀಗೆ ಒಂದೇ ಅಧ್ಯಾಯದಲ್ಲಿ ದೊರೆಯುತ್ತವೆ.

ರೋಮಿನ ತತ್ತ್ವಜ್ಞಾನಿ ಸೆನೆಕ ಸುಮಾರು ಕ್ರಿ.ಶ. 49ರಲ್ಲಿ ಬರೆದ ಪ್ರಬಂಧದಲ್ಲಿ ಬದುಕು ಚಿಕ್ಕದಲ್ಲ, ನಾವು ಪೋಲುಮಾಡುವುದರಿಂದ ಚಿಕ್ಕದಾಗುತ್ತದೆ ಎಂದು ವಾದಿಸಿದ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿ ಕ್ರೈಸ್ತ ಮಠಗಳ ದಿನವನ್ನು ಪ್ರಾರ್ಥನೆ, ದುಡಿಮೆ, ಓದುಗಳಿಗೆ ಹಂಚಿತು. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವ ವೇಳಾಪಟ್ಟಿಯನ್ನು ಆತ್ಮಕಥೆಯಲ್ಲಿ ಕೊಟ್ಟ. ತಾನು ರೂಢಿಸಿಕೊಳ್ಳಲು ಹೊರಟ ಹದಿಮೂರು ಗುಣಗಳಲ್ಲಿ ಅತಿ ಹೆಚ್ಚು ಕಾಡಿದ್ದು ಅಚ್ಚುಕಟ್ಟುತನವೇ ಎಂದೂ ಅಲ್ಲೇ ಒಪ್ಪಿಕೊಂಡ.

ಕಾರ್ಖಾನೆಯ ಗಡಿಯಾರ

ಕೈಗಾರಿಕಾ ಕ್ರಾಂತಿ ಕಾಲದ ಅರ್ಥವನ್ನು ಬದಲಿಸಿತು. ಕೆಲಸ ಮುಗಿಯುವವರೆಗೆ ದುಡಿಯುವ ಪದ್ಧತಿ ಹೋಗಿ ಗಂಟೆಯ ಲೆಕ್ಕದಲ್ಲಿ ದುಡಿಯುವ ಪದ್ಧತಿ ಬಂತು. ಬ್ರಿಟಿಷ್ ಇತಿಹಾಸಕಾರ ಇ.ಪಿ. ಥಾಮ್ಸನ್ 1967ರ ಪ್ರಸಿದ್ಧ ಪ್ರಬಂಧದಲ್ಲಿ ಈ ಬದಲಾವಣೆಯನ್ನು ವಿಶ್ಲೇಷಿಸಿದ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ನಿಲುಗಡಿಯಾರ ಹಿಡಿದು ಕೆಲಸದ ಒಂದೊಂದು ಹಂತವನ್ನೂ ಅಳೆದು, 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಪ್ರಕಟಿಸಿದ.

ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಸಮಯದ ಜೊತೆಗೆ ಮೈಯ ಚಲನೆಗಳನ್ನೂ ಅಧ್ಯಯನ ಮಾಡಿದರು. ಗಾರೆಯವನು ಒಂದೊಂದು ಇಟ್ಟಿಗೆಗೂ ಬಗ್ಗಿ ಏಳದಂತೆ ಎತ್ತರ ಹೊಂದಿಸಬಹುದಾದ ಸಾರುವೆಯನ್ನು ಫ್ರಾಂಕ್ ರೂಪಿಸಿದ. ಇಟ್ಟಿಗೆ ಇಡುವ ಚಲನೆಗಳು ಹದಿನೆಂಟರಿಂದ ಐದಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕಡೆ ಸರಾಸರಿ 350 ಇಡುವಂತಾಯಿತೆಂದು ಟೇಲರ್ ದಾಖಲಿಸಿದ್ದಾನೆ. 1916ರಲ್ಲಿ ದಂಪತಿಗಳು ದಣಿವಿನ ಬಗೆಗೇ ಒಂದು ಪುಸ್ತಕ ಬರೆದರು. ಲಿಲಿಯನ್ ಮುಂದೆ ಅಡುಗೆಮನೆಯ ವಿನ್ಯಾಸಕ್ಕೆ ಇದೇ ವಿಚಾರವನ್ನು ಅನ್ವಯಿಸಿದಳು.

ಪ್ರಚಲಿತ ವಿಧಾನಗಳು

ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ 1954ರ ಆಗಸ್ಟಿನಲ್ಲಿ ಇಲಿನಾಯ್ಸಿನ ಎವನ್‌ಸ್ಟನ್ನಿನಲ್ಲಿ ಮಾಡಿದ ಭಾಷಣದಲ್ಲಿ ತುರ್ತಿನ ಸಮಸ್ಯೆ ಮತ್ತು ಮಹತ್ವದ ಸಮಸ್ಯೆಗಳ ಭೇದವನ್ನು ಹೇಳಿದ. ಅದು ತನ್ನ ಮಾತಲ್ಲ, ಒಬ್ಬ ಮಾಜಿ ಕಾಲೇಜು ಅಧ್ಯಕ್ಷರದೆಂದೂ ತಿಳಿಸಿದ. ಸ್ಟೀಫನ್ ಕೋವಿ 1989ರ ತನ್ನ ಪುಸ್ತಕದಲ್ಲಿ ಇದನ್ನು ನಾಲ್ಕು ಮನೆಗಳ ಚೌಕವಾಗಿ ಬಳಸಿ ಜಗತ್ತಿನಾದ್ಯಂತ ಹರಡಿದ. ತುರ್ತೂ ಮಹತ್ವವೂ ಆದದ್ದನ್ನು ಕೂಡಲೇ ಮಾಡುವುದು, ಮಹತ್ವದ್ದಾಗಿ ತುರ್ತಲ್ಲದ್ದಕ್ಕೆ ದಿನ ಗೊತ್ತುಮಾಡುವುದು, ತುರ್ತಾಗಿ ಮಹತ್ವವಲ್ಲದ್ದನ್ನು ಬೇರೆಯವರಿಗೆ ವಹಿಸುವುದು, ಎರಡೂ ಅಲ್ಲದ್ದನ್ನು ಬಿಡುವುದು ಇದರ ಕ್ರಮ. ಎರಡನೆಯ ಮನೆಯ ಕೆಲಸಗಳೇ ನಿಜವಾದ ಪರೀಕ್ಷೆ ಎಂದು ಕೋವಿ ಒತ್ತಿ ಹೇಳಿದ.

ಗುಣಮಟ್ಟ ತಜ್ಞ ಜೋಸೆಫ್ ಜುರಾನ್ ಹೆಚ್ಚಿನ ಪರಿಣಾಮ ಕೆಲವೇ ಕಾರಣಗಳಿಂದ ಹುಟ್ಟುತ್ತದೆಂಬ ತನ್ನ ಗಮನಿಕೆಗೆ ಇಟಲಿಯ ವಿಲ್ಫ್ರೆಡೊ ಪರೇಟೊನ ಹೆಸರಿಟ್ಟ. ಇದು 80–20 ಸೂತ್ರವೆಂದು ಹೆಸರಾಯಿತು. ಇದು ಅನುಭವದ ಅಂದಾಜೇ ಹೊರತು ಎಲ್ಲೆಡೆ ಸಲ್ಲುವ ನಿಯಮವಲ್ಲ. ಪೀಟರ್ ಡ್ರಕರ್ 1967ರ ಪುಸ್ತಕದಲ್ಲಿ ಯೋಜನೆಗೆ ಮೊದಲು ತನ್ನ ಹೊತ್ತು ನಿಜವಾಗಿ ಎಲ್ಲಿ ಹೋಗುತ್ತಿದೆ ಎಂದು ಬರೆದಿಡಬೇಕೆಂದ. ಮೊದಲು ಮಾಡಬೇಕಾದ್ದನ್ನು ಪಟ್ಟಿಮಾಡುವುದು ಸುಲಭ, ಕೈಹಾಕಬಾರದ್ದನ್ನು ತೀರ್ಮಾನಿಸಿ ಅದಕ್ಕೆ ಅಂಟಿಕೊಳ್ಳುವುದು ಕಷ್ಟ ಎಂಬುದು ಅವನ ಮುಖ್ಯ ಮಾತು. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮವನ್ನು ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ರೂಪಿಸಿದ. ಮನಸ್ಸಿನಲ್ಲಿರುವ ಕೆಲಸಗಳನ್ನೆಲ್ಲ ಹೊರಗೆ ಬರೆದು ವಿಂಗಡಿಸುವ ಡೇವಿಡ್ ಆಲನ್‌ನ ವಿಧಾನ 2001ರ ಪುಸ್ತಕದಿಂದ ಬಳಕೆಗೆ ಬಂತು.

ಗಣಿತದ ದೃಷ್ಟಿ

ಕೆಲಸಗಳ ಸರದಿಯನ್ನು ಹೇಗೆ ಜೋಡಿಸಬೇಕೆಂಬ ಪ್ರಶ್ನೆಗೆ 1950ರ ದಶಕದಲ್ಲಿ ಗಣಿತ ಖಚಿತ ಉತ್ತರಗಳನ್ನು ಕೊಟ್ಟಿತು. ಯಾವ ಗುರಿ ಹಿಡಿಯುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಜೆರಾಕ್ಸ್ ಅಂಗಡಿಗೆ ಮೂವರು ಒಟ್ಟಿಗೆ ಬಂದಿದ್ದಾರೆಂದು ಭಾವಿಸಬಹುದು. ಅವರ ಕೆಲಸಗಳು ಕ್ರಮವಾಗಿ 30, 10, 5 ನಿಮಿಷದವು. ಇದೇ ಕ್ರಮದಲ್ಲಿ ಮಾಡಿದರೆ ಅವರ ಕೆಲಸಗಳು 30, 40, 45ನೆಯ ನಿಮಿಷಕ್ಕೆ ಮುಗಿಯುತ್ತವೆ. ಸರಾಸರಿ ಸುಮಾರು 38 ನಿಮಿಷ. ಚಿಕ್ಕದನ್ನು ಮೊದಲು ಮಾಡಿದರೆ 5, 15, 45ನೆಯ ನಿಮಿಷಕ್ಕೆ ಮುಗಿದು ಸರಾಸರಿ ಸುಮಾರು 22 ನಿಮಿಷಕ್ಕೆ ಇಳಿಯುತ್ತದೆ. ಅಂಗಡಿಯವನ ಒಟ್ಟು ದುಡಿಮೆ ಎರಡರಲ್ಲೂ 45 ನಿಮಿಷವೇ.

ಕೆಲಸಗಳ ಮಹತ್ವ ಬೇರೆಬೇರೆಯಾಗಿದ್ದರೆ ಮಹತ್ವವನ್ನು ಹಿಡಿಯುವ ಸಮಯದಿಂದ ಭಾಗಿಸಿ, ಹೆಚ್ಚು ಬಂದದ್ದನ್ನು ಮೊದಲು ಮಾಡಬೇಕೆಂದು 1956ರಲ್ಲಿ ವೇಯ್ನ್ ಸ್ಮಿತ್ ಸಾಧಿಸಿದ. ಗಡುವು ಮೀರುವ ಗರಿಷ್ಠ ಅವಧಿಯನ್ನು ಆದಷ್ಟು ಕಡಿಮೆ ಮಾಡಬೇಕಾದರೆ ಹತ್ತಿರದ ಗಡುವಿನದನ್ನು ಮೊದಲು ಮಾಡಬೇಕೆಂಬುದು ಜೆ.ಆರ್. ಜಾಕ್ಸನ್ 1955ರಲ್ಲಿ ತೋರಿಸಿದ ಫಲಿತಾಂಶ. ಈ ಸೂತ್ರಗಳಿಗೆ ಒಂದು ಮಿತಿಯಿದೆ. ಸಣ್ಣ ಕೆಲಸಗಳು ಬರುತ್ತಲೇ ಇದ್ದರೆ ಚಿಕ್ಕದು ಮೊದಲು ಎಂಬ ನಿಯಮದಡಿ ದೊಡ್ಡ ಕೆಲಸದ ಸರದಿ ಎಂದೂ ಬಾರದೆ ಹೋಗಬಹುದು. ಅದಕ್ಕಾಗಿ ದೊಡ್ಡ ಕೆಲಸವನ್ನು ತುಂಡುಮಾಡುವುದೋ ಅದಕ್ಕೆ ಹೊತ್ತು ಮೀಸಲಿಡುವುದೋ ಅಗತ್ಯವಾಗುತ್ತದೆ.

1961ರಲ್ಲಿ ಜಾನ್ ಲಿಟಲ್ ಸಾಧಿಸಿದ ನಿಯಮದ ಪ್ರಕಾರ ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲವು ಕೈಯಲ್ಲಿರುವ ಒಟ್ಟು ಕೆಲಸಗಳನ್ನು ಮುಗಿಯುವ ವೇಗದಿಂದ ಭಾಗಿಸಿದಷ್ಟಾಗುತ್ತದೆ. ದಿನಕ್ಕೆ ಐದು ಕಡತ ವಿಲೇವಾರಿ ಮಾಡುವ ಗುಮಾಸ್ತರ ಮೇಜಿನ ಮೇಲೆ ಸದಾ ಐವತ್ತು ಕಡತಗಳಿದ್ದರೆ ಒಂದೊಂದಕ್ಕೂ ಸರಾಸರಿ ಹತ್ತು ದಿನ ಬೇಕು. ಮೇಜಿನ ಮೇಲಿನ ಸಂಖ್ಯೆ ಐವತ್ತೇ ಆಗಿರುವವರೆಗೆ ಅವರು ಕಡತಗಳನ್ನು ಎಷ್ಟೇ ಅಂದವಾಗಿ ಮರುಜೋಡಿಸಿದರೂ ಈ ಸರಾಸರಿ ಇಳಿಯುವುದಿಲ್ಲ. ಒಪ್ಪಿಕೊಳ್ಳುವ ಕೆಲಸ ಕಡಿಮೆಯಾಗಬೇಕು, ಇಲ್ಲವೆ ಮುಗಿಸುವ ವೇಗ ಹೆಚ್ಚಬೇಕು. ಏಕಕಾಲಕ್ಕೆ ಹಿಡಿದಿರುವ ಕೆಲಸಗಳ ಸಂಖ್ಯೆಗೆ ಮಿತಿ ಹಾಕುವ ಕಾನ್‌ಬಾನ್ ಪದ್ಧತಿಗೆ ಈ ನಿಯಮ ಸಮರ್ಥನೆ ಒದಗಿಸುತ್ತದೆ.

ಮನಸ್ಸಿನ ಅಡಚಣೆಗಳು

ಗಣಿತ ತೋರಿಸಿದ ದಾರಿಯಲ್ಲಿ ಮನುಷ್ಯರು ನಡೆಯದಿರಲು ಕಾರಣಗಳನ್ನು ಮನೋವಿಜ್ಞಾನ ಹುಡುಕಿದೆ. ಕೆಲಸಕ್ಕೆ ಬೇಕಾದ ಕಾಲವನ್ನು ಕಡಿಮೆಯಾಗಿ ಅಂದಾಜು ಮಾಡುವ ಪ್ರವೃತ್ತಿಯನ್ನು ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ 1979ರಲ್ಲಿ ಗುರುತಿಸಿದರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರೌಢಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನಗಳಲ್ಲಿ ಮುಗಿಸುತ್ತೇವೆಂದಿದ್ದರು, ವಾಸ್ತವವಾಗಿ 55.5 ದಿನ ಹಿಡಿಯಿತು. ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 1963ರಲ್ಲಿ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ವೆಚ್ಚದಲ್ಲಿ ಮುಗಿಯಬೇಕಿದ್ದ ಸಿಡ್ನಿ ಆಪೆರಾ ಹೌಸ್ 1973ರಲ್ಲಿ ತೆರೆದಾಗ ವೆಚ್ಚ 10.2 ಕೋಟಿ ಡಾಲರ್ ಆಗಿತ್ತು. ಹಿಂದೆ ಅಂಥದೇ ಕೆಲಸಕ್ಕೆ ಎಷ್ಟು ಕಾಲ ಹಿಡಿದಿತ್ತೆಂದು ನೋಡಿ ಅಂದಾಜು ಮಾಡುವುದು ಇದಕ್ಕೆ ಸೂಚಿತವಾಗಿರುವ ಪರಿಹಾರ.

ತುರ್ತಿನ ಸೆಳೆತವೂ ದೊಡ್ಡದು. ಹೆಚ್ಚು ಪ್ರತಿಫಲದ ಕೆಲಸ ಎದುರಿಗಿದ್ದರೂ ಗಡುವು ಬೇಗ ಮುಗಿಯುತ್ತದೆಂಬ ಒಂದೇ ಕಾರಣಕ್ಕೆ ಜನ ಕಡಿಮೆ ಪ್ರತಿಫಲದ್ದನ್ನು ಆಯ್ದುಕೊಳ್ಳುವುದನ್ನು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂಬುದು ಸೋಫಿ ಲರೋಯ್ 2009ರಲ್ಲಿ ಮಂಡಿಸಿದ ವಿಚಾರ. ಅರೆಬರೆಯಾಗಿ ಉಳಿದ ಗುರಿಗಳು ಮನಸ್ಸನ್ನು ಕಾಡುತ್ತವೆ. ಆದರೆ ಅವನ್ನು ಯಾವಾಗ, ಹೇಗೆ ಮುಗಿಸುವುದೆಂದು ಖಚಿತವಾದ ಯೋಜನೆ ಮಾಡಿಕೊಂಡರೆ ಕಾಟ ತಗ್ಗುತ್ತದೆಂದು 2011ರ ಅಧ್ಯಯನವೊಂದು ಕಂಡುಕೊಂಡಿತು. ಬರೆದಿಡುವ ಅಭ್ಯಾಸದಿಂದ ಮನಸ್ಸಿಗೆ ಹಗುರವೆನಿಸುವುದಕ್ಕೆ ಇದು ಒಂದು ವಿವರಣೆ.

ಶಕ್ತಿಯ ಮಿತಿ

ದೇಹದ ಜೈವಿಕ ಗಡಿಯಾರ ಎಚ್ಚರ, ಉಷ್ಣತೆ, ಹಾರ್ಮೋನುಗಳನ್ನು ಸುಮಾರು ಇಪ್ಪತ್ತನಾಲ್ಕು ಗಂಟೆಗಳ ಆವರ್ತದಲ್ಲಿ ನಡೆಸುತ್ತದೆ. ಇದರ ಆಣವಿಕ ಯಂತ್ರವನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಕೆಲವರಿಗೆ ಬೆಳಗಿನ ಜಾವ ಚುರುಕು, ಕೆಲವರಿಗೆ ಸಂಜೆ. ಮಧ್ಯಾಹ್ನದ ಮಂಪರು ಬಹುಜನಕ್ಕೆ ಸಾಮಾನ್ಯ. ತಲೆ ಓಡಿಸಬೇಕಾದ ಕೆಲಸವನ್ನು ಚುರುಕಿನ ಹೊತ್ತಿಗೂ ಯಾಂತ್ರಿಕ ಕೆಲಸವನ್ನು ಮಂಪರಿನ ಹೊತ್ತಿಗೂ ಇಟ್ಟುಕೊಳ್ಳಬೇಕೆಂಬ ಸಲಹೆಗೆ ಇದು ಆಧಾರ. ನಿದ್ದೆಗೆಟ್ಟು ಹೊತ್ತು ಗಳಿಸುವ ಉಪಾಯ ನಷ್ಟದ್ದೇ: ಎಡೆಬಿಡದೆ ಹದಿನೇಳು ಗಂಟೆ ಎಚ್ಚರವಾಗಿರುವವರ ಕಾರ್ಯಕ್ಷಮತೆ ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ವರದಿಮಾಡಿದರು.

ದುಡಿಮೆಯ ಗಂಟೆಗಳನ್ನು ಹೆಚ್ಚಿಸಿದಷ್ಟೂ ಉತ್ಪತ್ತಿ ಹೆಚ್ಚುವುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕೇವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದ. ವಾರಕ್ಕೆ ಐವತ್ತು ಗಂಟೆಗಳ ಆಚೀಚೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತಿತ್ತು; 70 ಗಂಟೆಯ ಉತ್ಪತ್ತಿಗೂ 56 ಗಂಟೆಯ ಉತ್ಪತ್ತಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿ 2023ರ ಅಕ್ಟೋಬರಿನಲ್ಲಿ ಹೇಳಿದಾಗ ದೇಶದಲ್ಲಿ ಇದೇ ಪ್ರಶ್ನೆ ಚರ್ಚೆಗೆ ಬಂತು. ಭಾರತದ 1948ರ ಕಾರ್ಖಾನೆಗಳ ಕಾಯ್ದೆ ವಯಸ್ಕ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು.

ಮನೋಬಲವು ಬಳಸಿದಷ್ಟೂ ಬರಿದಾಗುತ್ತದೆಂದು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಮಂಡಿಸಿದ ಸಿದ್ಧಾಂತ ಬಹಳ ಪ್ರಚಾರ ಪಡೆಯಿತು. 2016ರಲ್ಲಿ ಇಪ್ಪತ್ತಮೂರು ಪ್ರಯೋಗಶಾಲೆಗಳು ಸೇರಿ ಪರೀಕ್ಷಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ಜನಪ್ರಿಯ ಪುಸ್ತಕಗಳು ಈಗಲೂ ಅದನ್ನು ಸಿದ್ಧ ಸತ್ಯವೆಂಬಂತೆ ಬಳಸುತ್ತವೆ.

ಶಕ್ತಿಯ ಲೆಕ್ಕಾಚಾರ ಅತ್ಯಂತ ನಿಖರವಾಗಿ ನಡೆಯುವುದು ದೀರ್ಘಕಾಲದ ಕಾಯಿಲೆಯವರ ಬದುಕಿನಲ್ಲಿ. ಲೂಪಸ್ ಕಾಯಿಲೆಯಿದ್ದ ಕ್ರಿಸ್ಟೀನ್ ಮಿಸೆರಾಂಡಿನೊ ಎಂಬ ಅಮೆರಿಕದ ಲೇಖಕಿ 2003ರಲ್ಲಿ ತನ್ನ ದಿನದ ಶಕ್ತಿಯನ್ನು ಎಣಿಸಿಟ್ಟ ಚಮಚಗಳಿಗೆ ಹೋಲಿಸಿದಳು: ಸ್ನಾನಕ್ಕೊಂದು, ಬಟ್ಟೆ ತೊಡಲೊಂದು ಎಂದು ಚಮಚಗಳು ಖರ್ಚಾಗುತ್ತ ಹೋಗುತ್ತವೆ. ತೀವ್ರ ದಣಿವಿನ ಎಂಇ/ಸಿಎಫ್ಎಸ್ ರೋಗದಲ್ಲಿ ಮಿತಿ ಮೀರಿ ಶ್ರಮಿಸಿದರೆ ಗಂಟೆಗಳ ಅಥವಾ ದಿನಗಳ ನಂತರ ರೋಗಲಕ್ಷಣಗಳು ಉಲ್ಬಣಿಸುತ್ತವೆ. ವ್ಯಾಯಾಮವನ್ನು ನಿಗದಿತ ಪ್ರಮಾಣದಲ್ಲಿ ಏರಿಸುತ್ತ ಹೋಗುವ ಚಿಕಿತ್ಸೆ ಸಲ್ಲದೆಂದೂ ರೋಗಿ ತನ್ನ ಶಕ್ತಿಯ ಮಿತಿಯೊಳಗೆ ಚಟುವಟಿಕೆ ಹಂಚಿಕೊಳ್ಳಬೇಕೆಂದೂ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿತು. ಹೃದಯ, ಶ್ವಾಸಕೋಶ, ಸಂಧಿವಾತದ ರೋಗಿಗಳಿಗೂ ಚಿಕಿತ್ಸಕರು ಇದೇ ಜಾಡಿನ ಸಲಹೆ ಕೊಡುತ್ತಾರೆ: ಕೂತು ತರಕಾರಿ ಹೆಚ್ಚುವುದು, ದಿನಬಳಕೆಯ ಡಬ್ಬಗಳನ್ನು ಕೈಗೆಟಕುವ ಎತ್ತರದಲ್ಲಿ ಇಡುವುದು, ಭಾರವಾದ ಕೆಲಸಗಳನ್ನು ವಾರದ ಬೇರೆಬೇರೆ ದಿನಗಳಿಗೆ ಹರಡುವುದು, ದಣಿಯುವ ಮೊದಲೇ ವಿಶ್ರಮಿಸುವುದು.

ಹಂಚಿಕೆಯ ಅಸಮತೆ

ಗಂಟೆಗಳು ಎಲ್ಲರಿಗೂ ಇಪ್ಪತ್ತನಾಲ್ಕೇ ಆದರೂ ಅವುಗಳ ಮೇಲಿನ ಒಡೆತನ ಸಮಾನವಾಗಿಲ್ಲ. 2019ರಲ್ಲಿ ನಡೆದ ಭಾರತದ ಮೊದಲ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಆರು ವರ್ಷ ಮೇಲ್ಪಟ್ಟವರ ಪೈಕಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರು ಹೆಂಗಸರಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1 ಇದ್ದರು. ತೊಡಗಿದವರು ಅದಕ್ಕೆ ಕೊಟ್ಟ ಹೊತ್ತು ದಿನಕ್ಕೆ ಸರಾಸರಿ ಹೆಂಗಸರದು 299 ನಿಮಿಷ, ಗಂಡಸರದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88 ಆದವು. ಇಬ್ಬರದೂ ತಲಾ ಸುಮಾರು ಹತ್ತು ನಿಮಿಷ ಇಳಿಯಿತು, ನಡುವಿನ ಅಂತರ ಹಾಗೇ ಉಳಿಯಿತು. ಸಂಬಳದ ಕೆಲಸ ಮುಗಿಸಿ ಬಂದ ಹೆಂಗಸರಿಗೆ ಮನೆಯಲ್ಲಿ ಎರಡನೆಯ ಪಾಳಿ ಕಾದಿರುವುದನ್ನು ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಅಮೆರಿಕದ ಕುಟುಂಬಗಳ ಅಧ್ಯಯನದಿಂದ ತೋರಿಸಿದಳು. ವಾಷಿಂಗ್ ಮಷೀನಿನಂಥ ಉಪಕರಣಗಳು ಬಂದ ಮೇಲೆ ಸ್ವಚ್ಛತೆಯ ನಿರೀಕ್ಷೆಯೂ ಏರಿ ಗೃಹಿಣಿಯ ಹೊತ್ತು ಉಳಿಯಲಿಲ್ಲವೆಂಬುದು ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಮಂಡಿಸಿದ ವಾದ.

ಕೊರತೆ ಆಯ್ಕೆಯ ಸಾಮರ್ಥ್ಯವನ್ನೇ ಕುಗ್ಗಿಸಬಹುದು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈ ಬಿಗಿಯಾಗಿದ್ದಾಗ ಒಮ್ಮೆ, ಕಟಾವಿನ ನಂತರ ಹಣ ಬಂದಾಗ ಇನ್ನೊಮ್ಮೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತರು ಹಣದ ಮುಗ್ಗಟ್ಟಿನ ಕಾಲದಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದಿದ್ದರು. ಬಡವರು ಯೋಜನೆ ಮಾಡುವುದಿಲ್ಲವೆಂಬ ದೂರನ್ನು ಇಂಥ ಸಂಶೋಧನೆ ತಲೆಕೆಳಗು ಮಾಡುತ್ತದೆ.

ಪರಿಣಾಮ ಮತ್ತು ಮೌಲ್ಯಮಾಪನ

ಸಮಯ ನಿರ್ವಹಣೆ ನಿಜಕ್ಕೂ ಫಲ ಕೊಡುತ್ತದೆಯೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2021ರಲ್ಲಿ ಪ್ರಕಟವಾಯಿತು. ಕೆಲಸ ಮತ್ತು ಓದಿನ ಸಾಧನೆಯೊಂದಿಗೆ ಅದರ ಸಂಬಂಧ ಮಧ್ಯಮ ಪ್ರಮಾಣದ್ದು. ಜೀವನತೃಪ್ತಿಯೊಂದಿಗೆ ಇರುವ ಸಂಬಂಧ ಇನ್ನೂ ಗಟ್ಟಿಯಾದದ್ದು ಎಂದು ತಿಳಿದುಬಂತು. ಹೊತ್ತಿನ ಮೇಲೆ ತನ್ನ ಹಿಡಿತವಿದೆಯೆಂಬ ಭಾವನೆ ಇದಕ್ಕೆ ಒಂದು ಕಾರಣವಿರಬಹುದು.

ಟೀಕೆಗಳೂ ಹಳೆಯವು. ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೆ ಅಷ್ಟನ್ನೂ ಅದು ತುಂಬಿಕೊಳ್ಳುತ್ತದೆಂದು ಬ್ರಿಟಿಷ್ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1955ರಲ್ಲಿ ದಿ ಇಕನಾಮಿಸ್ಟ್ ಪತ್ರಿಕೆಯಲ್ಲಿ ವ್ಯಂಗ್ಯವಾಗಿ ಬರೆದ. 1914ರಿಂದ 1928ರೊಳಗೆ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದರೂ ನೌಕಾ ಇಲಾಖೆಯ ಕಚೇರಿ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದು ಅವನು ಕೊಟ್ಟ ಉದಾಹರಣೆ. ಎಂಬತ್ತು ವರ್ಷದ ಬದುಕು ಸುಮಾರು ನಾಲ್ಕು ಸಾವಿರ ವಾರಗಳಷ್ಟೇ, ಎಲ್ಲವನ್ನೂ ಮಾಡಿ ಮುಗಿಸುವ ಆಸೆಯೇ ತಪ್ಪು ಎಂದು ಆಲಿವರ್ ಬರ್ಕ್‌ಮನ್ 2021ರ ಪುಸ್ತಕದಲ್ಲಿ ವಾದಿಸಿದ.

ವಿಧಾನಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ ದೊಡ್ಡ ಪ್ರಶ್ನೆ ಒಂದಿದೆ. ಕೌಟಿಲ್ಯನ ರಾಜನಿಗೂ ಐಸೆನ್‌ಹೋವರನಿಗೂ ಬೇಡದ್ದನ್ನು ಬಿಡುವ, ಇತರರಿಗೆ ವಹಿಸುವ ಅಧಿಕಾರವಿತ್ತು. ಪಾಳಿಯ ಕೂಲಿಗೆ, ಕೆಳಹಂತದ ನೌಕರರಿಗೆ, ಮನೆಯ ಹೊರೆ ಹೊತ್ತ ಹೆಣ್ಣಿಗೆ ಆ ಅಧಿಕಾರ ಅಷ್ಟಾಗಿ ಇರುವುದಿಲ್ಲ. ವೇಳಾಪಟ್ಟಿ, ಚೌಕ, ಪಟ್ಟಿಗಳು ಆಯ್ಕೆಯ ಸ್ವಾತಂತ್ರ್ಯವಿರುವವರಿಗೆ ನೆರವಾಗುತ್ತವೆ. ಆ ಸ್ವಾತಂತ್ರ್ಯವಿಲ್ಲದ ಕಡೆ ದುಡಿಮೆಯ ಗಂಟೆಗಳ ಕಾನೂನು, ಸಾಕಷ್ಟು ಸಿಬ್ಬಂದಿ, ಮನೆಗೆಲಸದ ಸಮಪಾಲು ಇವೇ ನಿಜವಾದ ಸಮಯ ನಿರ್ವಹಣೆ.